ಕಣದ ಭಯ, ಕಣಿವೆಯ ಪ್ರಶ್ನೆ



ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಬಳಗದ ಸಭೆಯೊಂದು ಊರ ಶಾಲೆಯ ಜಗಲಿಯಲ್ಲಿ ನಡೆಯಿತು. ಚರ್ಚೆಗೆ ಇದ್ದದ್ದು ಅಡಿಕೆಯ ಎಲೆಚುಕ್ಕಿ ರೋಗ. ರೋಗ ತಗುಲಿದ ಸೋಗೆಯನ್ನು ಕತ್ತರಿಸಿ ಸುಡುವುದು, ಔಷಧ ಹೊಡೆಯುವ ಹೊತ್ತು, ಮಣ್ಣಿನಲ್ಲಿ ಪೊಟ್ಯಾಷ್ ಕೊರತೆ ಎಂದು ನನಗೆ ತಿಳಿದಷ್ಟನ್ನು ಹೇಳಿ ಮುಗಿಸಿದ ಮೇಲೆ, ಎಪ್ಪತ್ತು ದಾಟಿದ ಕೃಷಿಕರೊಬ್ಬರು ಕಂಬಕ್ಕೆ ಒರಗಿದ್ದವರು ನೆಟ್ಟಗೆ ಕುಳಿತರು. "ತಮ್ಮಾ, ನೀನು ಹೇಳಿದ್ದೆಲ್ಲ ಸರಿ. ಆದರೆ ತಮಿಳುನಾಡಿನ ಕಡೆ ಘಟ್ಟ ಕೊರೆದು ಅದೇನೋ ಕಣ ಬಿಡ್ತಾರಂತಲ್ಲ, ಅದು ಶುರುವಾದ ಮೇಲೇ ಅಲ್ಲವೋ ನಮ್ಮ ತೋಟ ಹಳದಿ ತಿರುಗಿದ್ದು?" ಎಂದು ಕೇಳಿದರು. ಮೊಮ್ಮಗನ ಮೊಬೈಲಿಗೆ ಬಂದ ಸಂದೇಶವೊಂದರಲ್ಲಿ ಅವರು ಅದನ್ನು ಓದಿಸಿಕೊಂಡಿದ್ದರು. ಹಿಂದೆ ಕುಳಿತಿದ್ದ ಪಿಯುಸಿ ವಿದ್ಯಾರ್ಥಿಗಳು ಕಿಸಕ್ಕನೆ ನಕ್ಕರು. ಆದರೆ ಸಭೆ ಮುಗಿದ ಮೇಲೆ ನಕ್ಕವರಲ್ಲೇ ಇಬ್ಬರು ನನ್ನ ಬಳಿ ಬಂದು, ದನಿ ತಗ್ಗಿಸಿ, "ಸರ್, ಜಿನೀವಾದಲ್ಲಿ ಕಪ್ಪುಕುಳಿ ಮಾಡ್ತಾರೆ, ಭೂಮಿಯನ್ನೇ ನುಂಗತ್ತೆ ಅಂತಾರಲ್ಲ, ಅದಾದರೂ ನಿಜವಾ?" ಎಂದು ವಿಚಾರಿಸಿದರು.

ಹಿರಿಯರ ಪ್ರಶ್ನೆಗೆ ಉತ್ತರ ಸುಲಭದ್ದಿತ್ತು. ತಮಿಳುನಾಡಿನ ಥೇಣಿ ಜಿಲ್ಲೆಯ ಬೋಡಿ ಪಶ್ಚಿಮ ಬೆಟ್ಟದಲ್ಲಿ ಕೊರೆಯಬೇಕೆಂದಿದ್ದ ಆ ಸುರಂಗವನ್ನು ಇದುವರೆಗೆ ಕೊರೆದೇ ಇಲ್ಲ. ಕೊರೆಯದ ಸುರಂಗದಿಂದ ರೋಗ ಬರಲಾರದು. ಎಲೆಚುಕ್ಕಿ ಶಿಲೀಂಧ್ರದ ಕೆಲಸ. ಆದರೆ ಅಷ್ಟು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಏಕೆಂದರೆ ಆ ಸಂದೇಶವನ್ನು ಹಂಚುತ್ತಿರುವವರು ನಮ್ಮವರೇ, ಬೆಟ್ಟ ಉಳಿಯಬೇಕೆಂದು ಬಯಸುವವರೇ. ಹೀಗಾಗಿ ಈ ಸಂಚಿಕೆಯ ಸಂಪಾದಕೀಯವನ್ನು ಹೊರಗಿನವರ ಮೇಲಿನ ಟೀಕೆಗಿಂತ ಹೆಚ್ಚಾಗಿ ನಮ್ಮ ಮನೆಯ ಅಂಗಳ ಗುಡಿಸುವುದಕ್ಕೆ ಬಳಸಿಕೊಳ್ಳುತ್ತಿದ್ದೇನೆ.

ಮೊದಲು ವಿದ್ಯಾರ್ಥಿಗಳ ಪ್ರಶ್ನೆ. ಜಿನೀವಾದ ಸಮೀಪ, ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ಗಡಿಯ ಕೆಳಗೆ, ನೆಲದಿಂದ ಸುಮಾರು ನೂರು ಮೀಟರ್ ಆಳದಲ್ಲಿ 27 ಕಿಲೋಮೀಟರ್ ಸುತ್ತಳತೆಯ ಉಂಗುರಾಕಾರದ ಸುರಂಗವಿದೆ. ಅದರೊಳಗೆ ಪ್ರೋಟಾನುಗಳನ್ನು ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸುವ ಯಂತ್ರವೇ ಸರ್ನ್ ಸಂಸ್ಥೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್. 2008ರ ಸೆಪ್ಟೆಂಬರ್ 10ರಂದು ಅದರಲ್ಲಿ ಮೊದಲ ಬಾರಿಗೆ ಕಣಗಳು ಸುತ್ತು ಹಾಕಿದವು. ಅದಕ್ಕೂ ಮೊದಲೇ ಅಮೆರಿಕದ ಹವಾಯಿಯಲ್ಲಿ ಇಬ್ಬರು ಯಂತ್ರವನ್ನು ತಡೆಯುವಂತೆ ಮೊಕದ್ದಮೆ ಹೂಡಿದ್ದರು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮುಂದೆಯೂ ಅರ್ಜಿ ಹೋಗಿತ್ತು. ಎರಡೂ ಕಡೆ ತಡೆ ಸಿಗಲಿಲ್ಲ. ನಮ್ಮ ದೇಶದ ಕೆಲವು ಟಿವಿ ವಾಹಿನಿಗಳಂತೂ ಆ ವಾರವಿಡೀ ಪ್ರಳಯದ ಗಂಟೆ ಬಾರಿಸಿದವು. ಮಧ್ಯಪ್ರದೇಶದಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಆ ಕಾರ್ಯಕ್ರಮಗಳನ್ನು ನೋಡಿ ಹೆದರಿ ಪ್ರಾಣ ಕಳೆದುಕೊಂಡಳೆಂದು ಆಕೆಯ ಮನೆಯವರು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಭೂಮಿಗೆ ಏನೂ ಆಗಲಿಲ್ಲ. ಒಂದು ಮನೆಯಲ್ಲಿ ಮಾತ್ರ ಪ್ರಳಯವಾಯಿತು.

ಆ ಭಯ ಏಕೆ ತಪ್ಪಾಗಿತ್ತು ಎಂಬುದನ್ನು "ವಿಜ್ಞಾನಿಗಳು ಹೇಳಿದ್ದಾರೆ" ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ನನಗೆ ಇಷ್ಟವಿಲ್ಲ. ಸುರಕ್ಷತೆಯ ಬಗ್ಗೆ 2008ರಲ್ಲಿ ವರದಿ ಕೊಟ್ಟ ಸಮಿತಿಯ ಐವರು ಭೌತವಿಜ್ಞಾನಿಗಳಲ್ಲಿ ಹೆಚ್ಚಿನವರು ಅದೇ ಸಂಸ್ಥೆಗೆ ಸೇರಿದವರಾಗಿದ್ದರು. ಗಣಿ ಕಂಪನಿಯೇ ತನ್ನ ಗಣಿಯ ಬಗ್ಗೆ ವರದಿ ಬರೆಸಿಕೊಂಡರೆ ನಾವು ಒಪ್ಪುತ್ತೇವೆಯೇ? ಆದರೆ ಇಲ್ಲೊಂದು ವ್ಯತ್ಯಾಸವಿದೆ. ಆ ವರದಿಯ ವಾದ ಬರೆದವರ ಮೇಲಿನ ನಂಬಿಕೆಯ ಮೇಲೆ ನಿಂತಿಲ್ಲ. ಯಾರು ಬೇಕಾದರೂ ಪರಿಶೀಲಿಸಬಹುದಾದ ಆಕಾಶದ ಮೇಲೆ ನಿಂತಿದೆ. ಬಾಹ್ಯಾಕಾಶದಿಂದ ವಿಶ್ವಕಿರಣಗಳು ಭೂಮಿಯ ವಾತಾವರಣಕ್ಕೆ ಸದಾ ಬಂದು ಅಪ್ಪಳಿಸುತ್ತಿವೆ. ಅವುಗಳಲ್ಲಿ ಕೆಲವು ಉಂಟುಮಾಡುವ ಡಿಕ್ಕಿಗಳು ಜಿನೀವಾದ ಯಂತ್ರದ ಡಿಕ್ಕಿಗಳಿಗಿಂತ ಬಹಳ ಹೆಚ್ಚು ಪ್ರಬಲವಾದವು. ಯಂತ್ರ ತನ್ನ ಇಡೀ ಆಯುಷ್ಯದಲ್ಲಿ ಮಾಡುವ ಪ್ರಯೋಗವನ್ನು ನಿಸರ್ಗ ಭೂಮಿಯ ಮೇಲೆಯೇ ಲಕ್ಷಗಟ್ಟಲೆ ಬಾರಿ ಮಾಡಿ ಮುಗಿಸಿದೆ; ಭೂಮಿ ಇನ್ನೂ ಇದೆ, ಚಂದ್ರನೂ ಇದ್ದಾನೆ.

ಆಕ್ಷೇಪಿಸಿದವರು ದಡ್ಡರೇನಲ್ಲ. ವಿಶ್ವಕಿರಣದಿಂದ ಕಪ್ಪುಕುಳಿ ಹುಟ್ಟಿದರೂ ಅದು ವೇಗದಿಂದ ಭೂಮಿಯನ್ನು ದಾಟಿ ಹೋಗುತ್ತದೆ, ಯಂತ್ರದಲ್ಲಿ ಹುಟ್ಟಿದ್ದು ನಿಧಾನವಾಗಿ ಇಲ್ಲೇ ಸಿಕ್ಕಿಕೊಳ್ಳಬಹುದಲ್ಲ ಎಂದು ಅವರು ಕೇಳಿದರು. ಒಳ್ಳೆಯ ಪ್ರಶ್ನೆ. ಅದಕ್ಕೆ ಗಿಡ್ಡಿಂಗ್ಸ್ ಮತ್ತು ಮಂಗಾನೊ ಎಂಬ ಇಬ್ಬರು ವಿಜ್ಞಾನಿಗಳು 2008ರಲ್ಲೇ ಲೆಕ್ಕ ಹಾಕಿ ಉತ್ತರಿಸಿದರು: ಶ್ವೇತಕುಬ್ಜ ಮತ್ತು ನ್ಯೂಟ್ರಾನ್ ನಕ್ಷತ್ರಗಳು ಎಷ್ಟು ಸಾಂದ್ರವಾಗಿವೆಯೆಂದರೆ ಅಂಥ ವೇಗದ ಕುಳಿಗಳೂ ಅಲ್ಲಿ ಸಿಕ್ಕಿಕೊಳ್ಳಲೇಬೇಕು, ಅಪಾಯ ನಿಜವಾಗಿದ್ದರೆ ಆ ಮುದಿ ನಕ್ಷತ್ರಗಳು ಎಂದೋ ಇಲ್ಲವಾಗಿರಬೇಕಿತ್ತು. ಅವು ಇವೆ, ದೂರದರ್ಶಕದಲ್ಲಿ ಕಾಣುತ್ತವೆ. ಪ್ರಶ್ನೆ ಬಂತು, ಉತ್ತರ ಬಂತು, ಎರಡೂ ಬಯಲಿನಲ್ಲಿವೆ.

ಇಲ್ಲಿಯೇ ನಾನು ವಿದ್ಯಾರ್ಥಿಗಳಿಗೆ ಹೇಳಿದ ಇನ್ನೊಂದು ಸಂಗತಿಯಿದೆ. ಯಂತ್ರ ಆರಂಭವಾದ ಒಂಬತ್ತನೆಯ ದಿನ, ಸೆಪ್ಟೆಂಬರ್ 19ರಂದು, ಅಲ್ಲಿ ನಿಜವಾಗಿಯೇ ಅವಘಡವಾಯಿತು. ಕಪ್ಪುಕುಳಿಯಿಂದಲ್ಲ. ಎರಡು ಅಯಸ್ಕಾಂತಗಳ ನಡುವಿನ ವಿದ್ಯುತ್ ಬೆಸುಗೆಯೊಂದು ಕೆಟ್ಟದಾಗಿತ್ತು. ಅದು ಕರಗಿ, ಕಿಡಿ ಹಾರಿ, ತಣ್ಣಗಿಡಲು ತುಂಬಿದ್ದ ಹೀಲಿಯಂ ಟನ್‌ಗಟ್ಟಲೆ ಸುರಂಗಕ್ಕೆ ಸೋರಿ, ಟನ್‌ಗಟ್ಟಲೆ ತೂಕದ ಅಯಸ್ಕಾಂತಗಳು ತಮ್ಮ ಸ್ಥಾನದಿಂದ ಕದಲಿದವು. ದುರಸ್ತಿಗೆ ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಆಗ ಸುರಂಗದಲ್ಲಿ ಯಾರೂ ಇರಲಿಲ್ಲವಾದ್ದರಿಂದ ಜೀವಹಾನಿಯಾಗಲಿಲ್ಲ. ಜಗತ್ತೆಲ್ಲ ಕಪ್ಪುಕುಳಿಗೆ ಹೆದರಿ ಕುಳಿತಿದ್ದಾಗ ತೊಂದರೆ ಬಂದದ್ದು, ನಮ್ಮ ಪಂಪ್‌ಸೆಟ್ಟಿನ ಪೆಟ್ಟಿಗೆಯಲ್ಲಿ ಬರುವಂತೆ, ಸಡಿಲ ಬೆಸುಗೆಯಿಂದ. ದೊಡ್ಡ ಯಂತ್ರಗಳ ವಿಷಯದಲ್ಲಿ ಅಪಾಯ ಹೆಚ್ಚಾಗಿ ಕೂರುವ ಜಾಗ ಇದೇ.

ಇನ್ನು ನ್ಯೂಟ್ರಿನೋ. ಹಿರಿಯರು ಕೇಳಿದ 'ಕಣ ಬಿಡುವ' ಮಾತಿಗೆ ಬರೋಣ. ಬೋಡಿಯಲ್ಲಿ ಯೋಜಿಸಿದ್ದ ಪ್ರಯೋಗಾಲಯ ಕಣ ಬಿಡುವುದಕ್ಕಲ್ಲ, ತಾನಾಗಿ ಬರುವುದನ್ನು ಕಾದು ಎಣಿಸುವುದಕ್ಕೆ. ಸೂರ್ಯನೊಂದರಿಂದಲೇ ನಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೂಲಕ ಪ್ರತಿ ಸೆಕೆಂಡಿಗೆ ಸುಮಾರು 6,500 ಕೋಟಿ ನ್ಯೂಟ್ರಿನೋಗಳು ಹಾದು ಹೋಗುತ್ತವೆ. ರಾತ್ರಿಯೂ ಹೋಗುತ್ತವೆ, ಭೂಮಿಯ ಆಚೆ ಬದಿಯಿಂದ ಹೊಕ್ಕು ನಮ್ಮ ಹಾಸಿಗೆಯ ಕೆಳಗಿನಿಂದ ಬರುತ್ತವೆ. ಮನುಷ್ಯ ಹುಟ್ಟುವ ಮೊದಲೂ ಹೋಗುತ್ತಿದ್ದವು. ಅವು ಯಾವುದಕ್ಕೂ ತಾಗುವುದೇ ಅಪರೂಪ. ಒಬ್ಬ ಮನುಷ್ಯನ ಇಡೀ ಆಯುಷ್ಯದಲ್ಲಿ ಅವನ ದೇಹಕ್ಕೆ ತಾಗುವ ನ್ಯೂಟ್ರಿನೋಗಳನ್ನು ಎಣಿಸಲು ಕೈಬೆರಳುಗಳು ಸಾಕು. ಹಾಗಾಗಿಯೇ 50,000 ಟನ್ ಕಬ್ಬಿಣದ ಹಲಗೆಗಳನ್ನು ಪೇರಿಸಿ ಅಯಸ್ಕಾಂತ ಮಾಡಿ, ದಿನಕ್ಕೆ ಹತ್ತಾರು ಸಿಕ್ಕರೆ ಹೆಚ್ಚು ಎಂದು ಕಾಯುವ ಯೋಜನೆ ಅದು. ಬೆಟ್ಟ ಏಕೆ ಬೇಕೆಂದರೆ, ನಾವು ಅಂಗೈ ಒಡ್ಡಿದರೆ ನಿಮಿಷಕ್ಕೆ ನೂರರ ಆಸುಪಾಸು ವಿಶ್ವಕಿರಣದ ಬೇರೆ ಕಣಗಳು ಅದರ ಮೂಲಕ ಹಾಯುತ್ತವೆ. ಆ ಗದ್ದಲದಲ್ಲಿ ನ್ಯೂಟ್ರಿನೋದ ಪಿಸುಮಾತು ಕೇಳಿಸದು. ನೆತ್ತಿಯ ಮೇಲೆ ಒಂದು ಕಿಲೋಮೀಟರಿಗೂ ಹೆಚ್ಚು ಬಂಡೆಯಿದ್ದರೆ ಉಳಿದವು ತಡೆಯಲ್ಪಡುತ್ತವೆ, ನ್ಯೂಟ್ರಿನೋ ಮಾತ್ರ ದಾಟಿ ಬರುತ್ತದೆ. ಬೆಟ್ಟ ಅಲ್ಲಿ ಗೊರಬಿನ ಕೆಲಸ ಮಾಡುತ್ತದೆ.

ಇದೆಲ್ಲ ನಮಗೆ ಹೊಸದೇನಲ್ಲ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಮೊದಲಿಗೆ ಸಿಕ್ಕಿದ ಜಾಗಗಳಲ್ಲಿ ಒಂದು ಕರ್ನಾಟಕದಲ್ಲಿಯೇ ಇದೆ. ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳೊಂದಿಗೆ ಸೇರಿ ಅದನ್ನು ಗುರುತಿಸಿ 1965ರಲ್ಲಿ ಪ್ರಕಟಿಸಿದರು. ಅದೇ ಸುಮಾರಿಗೆ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಮತ್ತೊಂದು ತಂಡಕ್ಕೂ ಅದು ದೊರೆಯಿತು. ಎಂ.ಜಿ.ಕೆ. ಮೆನನ್ ಅವರ ಜೊತೆ ಈ ಕೆಲಸದಲ್ಲಿ ದುಡಿದ ಬಿ.ವಿ. ಶ್ರೀಕಂಠನ್ ನಮ್ಮ ರಾಜ್ಯದವರು. ಆ ಪ್ರಯೋಗಗಳು ಕೋಲಾರದಲ್ಲಿ ದಶಕಗಳ ಕಾಲ ನಡೆದವು. ನ್ಯೂಟ್ರಿನೋದಿಂದ ಕೆಜಿಎಫ್‌ನ ಯಾರೊಬ್ಬರಿಗೂ ಏನೂ ಆಗಲಿಲ್ಲ. ಆದರೆ ಗಣಿಯ ಆಳದಲ್ಲಿ ಬಂಡೆ ಸಿಡಿದು ಕಾರ್ಮಿಕರು ಸತ್ತರು. ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಲ್ಲಾಗಿ ನರಳಿದರು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಚಿನ್ನ ಸೋಸಿ ಬಿಟ್ಟ ಕೋಟಿಗಟ್ಟಲೆ ಟನ್ ಪುಡಿಮಣ್ಣಿನ ಸಯನೈಡ್ ಗುಡ್ಡಗಳು ಹಾಗೆಯೇ ನಿಂತಿವೆ. ಬೇಸಿಗೆಯ ಗಾಳಿಗೆ ಅವುಗಳ ಧೂಳು ಈಗಲೂ ಮನೆಗಳ ಮೇಲೆ ಬೀಳುತ್ತದೆ. ಒಂದೇ ಗಣಿ, ಒಂದೇ ಕಾಲ. ಯಾವುದಕ್ಕೆ ಹೆದರಬೇಕಿತ್ತು, ಯಾವುದಕ್ಕೆ ಬೇಕಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪಾಠ ನನಗೆ ತಿಳಿಯದು.

ಹಾಗಾದರೆ ಬೋಡಿಯ ಸುತ್ತಲಿನ ಜನ, ಪೊಟ್ಟಿಪುರಂ ಗ್ರಾಮಸ್ಥರು, ಕೇರಳದ ಗಡಿಯವರು ಸುಮ್ಮನೆ ಹೆದರಿದರೇ? ಇಲ್ಲ. ಇಲ್ಲಿ ನಗುವವರನ್ನು ನಾನು ಸ್ವಲ್ಪ ತಡೆದು ನಿಲ್ಲಿಸಬೇಕಾಗಿದೆ. ಜನರ ಭಯ ಕಣಕ್ಕೆ ಅಂಟಿದ್ದಲ್ಲ. ಯೋಜನೆಯ ಹಿಂದೆ ನಿಂತ ಇಲಾಖೆಗೆ ಅಂಟಿದ್ದು. ನ್ಯೂಟ್ರಿನೋ ಪ್ರಯೋಗಾಲಯಕ್ಕೆ ಹಣ ಕೊಡುವುದು ಅಣುಶಕ್ತಿ ಇಲಾಖೆ. ಸಹ್ಯಾದ್ರಿಯವರಾದ ನಮಗೆ ಆ ಇಲಾಖೆಯ ಪರಿಚಯ ಕೈಗಾದಲ್ಲಿ ಆಗಿದೆ. ಶಿವರಾಮ ಕಾರಂತರಂಥ ಹಿರಿಯರು ಕೇಳಿದ ಪ್ರಶ್ನೆಗಳಿಗೆ 'ಎಲ್ಲವೂ ಸುರಕ್ಷಿತ' ಎಂಬ ಉತ್ತರ ಬರುತ್ತಿದ್ದ ಕಾಲದಲ್ಲೇ, 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಗಿನ ಕಾಂಕ್ರೀಟು ಕಳಚಿ ಕೆಳಗೆ ಬಿತ್ತು. 2012ರ ನವೆಂಬರಿನಲ್ಲಿ ಕೂಡಂಕುಳಂ ಮೊಕದ್ದಮೆಯ ವೇಳೆ ಸುಪ್ರೀಂ ಕೋರ್ಟಿನಲ್ಲಿ ಅಣುತ್ಯಾಜ್ಯವನ್ನು ಕೋಲಾರದ ಹಳೆಯ ಗಣಿಗಳಲ್ಲಿ ಇಡುವ ಮಾತು ಬಂತು. ಕೋಲಾರದ ಜನ ಬೀದಿಗಿಳಿದ ಮೇಲೆ ಅಂಥ ಯೋಜನೆ ಇಲ್ಲವೆಂದು ಸರ್ಕಾರ ಹೇಳಿತು. ಇಷ್ಟನ್ನು ಕಂಡವರು, ಅದೇ ಇಲಾಖೆ ಬೆಟ್ಟದೊಳಗೆ ಎರಡು ಕಿಲೋಮೀಟರ್ ಉದ್ದದ ಸುರಂಗ ಕೊರೆಯುತ್ತೇನೆಂದಾಗ "ನಾಳೆ ಇದರಲ್ಲಿ ಏನು ತುಂಬುತ್ತೀರಿ?" ಎಂದು ಕೇಳಿದರೆ ಅದನ್ನು ಮೂಢನಂಬಿಕೆ ಎನ್ನಲಾಗದು. ಕಬ್ಬಿಣದ ಹಲಗೆಗೂ ಅಣು ಇಂಧನಕ್ಕೂ ಅಜಗಜಾಂತರವಿದೆ. ವಿಜ್ಞಾನಿಗಳು ಅದನ್ನು ಸ್ಪಷ್ಟವಾಗಿಯೇ ಹೇಳಿದರು. ಆದರೆ ಹೇಳಿದವರ ಹಿಂದೆ ನಿಂತ ನೆರಳು ಬೇರೆಯದಾಗಿತ್ತು.

ನನ್ನ ಶಾಸ್ತ್ರದ ಮಾತನ್ನೂ ಮುಚ್ಚಿಡುವುದಿಲ್ಲ. ಎಂಡೋಸಲ್ಫಾನ್ ಸುರಕ್ಷಿತವೆಂದು ರೈತರಿಗೆ ಹೇಳಿದವರು ಕೃಷಿ ವಿಜ್ಞಾನಿಗಳು. ಕಾಸರಗೋಡಿನಲ್ಲಿ, ನಮ್ಮದೇ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ, ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದದ್ದು ಆ ಮಾತಿನ ಬಲದ ಮೇಲೆ. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಅಷ್ಟರೊಳಗೆ ಒಂದು ತಲೆಮಾರಿನ ಮಕ್ಕಳು ಹಾಸಿಗೆ ಹಿಡಿದಾಗಿತ್ತು. ನಾನು ವಿದ್ಯಾರ್ಥಿಯಾಗಿದ್ದಾಗ ಅದರ ಪ್ರಮಾಣವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿದ್ದೇನೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೇನೆ. ಹೀಗಿರುವಾಗ ಪದವಿ ಪಡೆದವರು ಬಂದು "ಹೆದರಬೇಡಿ" ಎಂದರೆ ಬೆಟ್ಟದ ಜನ ಹಿಂದೆಮುಂದೆ ನೋಡುವುದು ನ್ಯಾಯವೇ.

ಆದರೆ ಅನುಮಾನಕ್ಕೆ ನ್ಯಾಯವಾದ ಕಾರಣವಿದೆ ಎಂದಮಾತ್ರಕ್ಕೆ ಅನುಮಾನಿಸಿದ್ದೆಲ್ಲ ನಿಜವಾಗುವುದಿಲ್ಲ. ನ್ಯೂಟ್ರಿನೋ ಯೋಜನೆಯ ಇತಿಹಾಸವನ್ನೇ ನೋಡೋಣ. ಮೊದಲು ಆರಿಸಿದ್ದ ಜಾಗ ನೀಲಗಿರಿಯ ಸಿಂಗಾರ; ಮಸಿನಗುಡಿಯ ಬಳಿ, ಮುದುಮಲೈ ಹುಲಿ ಮೀಸಲಿನ ಪಕ್ಕ, ನಮ್ಮ ಬಂಡೀಪುರಕ್ಕೂ ದೂರವಲ್ಲ. ಅಲ್ಲಿ ವಿರೋಧಿಸಿದ ವನ್ಯಜೀವಿ ಪ್ರೇಮಿಗಳು ಕಣದ ಬಗ್ಗೆ ಹೆಚ್ಚು ಮಾತನಾಡಲಿಲ್ಲ. ಅವರು ಕೇಳಿದ್ದು ಆನೆದಾರಿಯ ಬಗ್ಗೆ, ವರ್ಷಾನುಗಟ್ಟಲೆ ಕಾಡಿನ ರಸ್ತೆಯಲ್ಲಿ ಕಬ್ಬಿಣ, ಸಿಮೆಂಟು, ಕಲ್ಲು ಹೊತ್ತು ಓಡಾಡುವ ಲಾರಿಗಳ ಬಗ್ಗೆ. 2009ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಆ ಜಾಗಕ್ಕೆ ಅನುಮತಿ ನಿರಾಕರಿಸಿತು. ಕಾರಣ ಹುಲಿ, ಆನೆ ಮತ್ತು ಕಾಡು.

ಆಮೇಲೆ ಯೋಜನೆ ಬೋಡಿಗೆ ಹೋಯಿತು. 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಸುಮಾರು 1,500 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಲ್ಲಿನ ವಿರೋಧದಲ್ಲಿ ಕಣದ ಭಯ ಮುಂದಿನ ಸಾಲಿಗೆ ಬಂದು ನಿಂತಿತು: ವಿಕಿರಣ ಬರುತ್ತದೆ, ಬೆಳೆ ಒಣಗುತ್ತದೆ, ಅಮೆರಿಕದಿಂದ ನ್ಯೂಟ್ರಿನೋ ಆಯುಧ ಹಾರಿಸುತ್ತಾರೆ. ಇದರಿಂದ ವಿಜ್ಞಾನಿಗಳಿಗೆ ಏನು ಲಾಭವಾಯಿತೆಂದು ಗಮನಿಸಿ. ಅವರು ಊರೂರಿಗೆ ಹೋಗಿ, ಕಿರುಹೊತ್ತಗೆ ಹಂಚಿ, ನ್ಯೂಟ್ರಿನೋ ನಿರುಪದ್ರವಿ ಎಂದು ವಿವರಿಸಿದರು. ಹೇಳಿದ್ದು ಸತ್ಯ. ಆದರೆ ಅದು ಸುಲಭವಾದ ಪ್ರಶ್ನೆಗೆ ಉತ್ತರ. ಲಕ್ಷಗಟ್ಟಲೆ ಘನಮೀಟರ್ ಬಂಡೆಯನ್ನು ಸಿಡಿಮದ್ದಿಟ್ಟು ತೆಗೆಯುವುದು, ಆ ಕಲ್ಲಿನ ರಾಶಿ ಮಳೆಗೆ ಎಲ್ಲಿಗೆ ಜಾರುತ್ತದೆಂಬುದು, ವೈಗೈ ಅಣೆಕಟ್ಟಿಗೆ ನೀರುಣಿಸುವ ಇಳಿಜಾರಿನೊಳಗಿನ ಒರತೆಗಳು ಏನಾಗುತ್ತವೆಂಬುದು ಕಷ್ಟದ ಪ್ರಶ್ನೆಗಳಾಗಿದ್ದವು. ಹೆದರಿಕೆಯ ಗದ್ದಲದಲ್ಲಿ ಇವಕ್ಕೆ ಉತ್ತರಿಸುವ ಒತ್ತಡವೇ ಕಡಿಮೆಯಾಯಿತು. ಪತ್ರಿಕೆಗಳೂ 'ವಿಜ್ಞಾನಕ್ಕೆ ಹೆದರುವ ಹಳ್ಳಿಗರು' ಎಂದು ಬರೆದು ಕರ್ತವ್ಯ ಮುಗಿಸಿದವು.

ಕೊನೆಗೆ ಯೋಜನೆಗೆ ಅಡ್ಡ ನಿಂತದ್ದು ಯಾವುದು? 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪರಿಸರ ಅನುಮತಿಯನ್ನು ಅಮಾನತಿನಲ್ಲಿಟ್ಟದ್ದು, ಪರಿಸರ ಪರಿಣಾಮದ ವರದಿ ಬರೆದ ಸಂಸ್ಥೆಗೆ ಅಂಥ ವರದಿ ಬರೆಯುವ ಮಾನ್ಯತೆ ಇರಲಿಲ್ಲವೆಂಬ ಕಾರಣಕ್ಕೆ. 2018ರಲ್ಲಿ ಕೇಂದ್ರ ಮತ್ತೆ ಅನುಮತಿ ಕೊಟ್ಟಾಗ ನ್ಯಾಯಮಂಡಳಿ ಅದನ್ನು ಎತ್ತಿಹಿಡಿದರೂ, ವನ್ಯಜೀವಿ ಮಂಡಳಿಯ ಒಪ್ಪಿಗೆ ಇಲ್ಲದೆ ಕೆಲಸ ಶುರು ಮಾಡಬಾರದೆಂದಿತು. ಏಕೆಂದರೆ ಕೇರಳದ ಮತಿಕೆಟ್ಟಾನ್ ಶೋಲಾ ರಾಷ್ಟ್ರೀಯ ಉದ್ಯಾನ ಅಲ್ಲಿಂದ ಕೂಗಳತೆಯಲ್ಲಿದೆ. 2022ರಲ್ಲಿ ತಮಿಳುನಾಡು ಸರ್ಕಾರ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿಯೂ ತೂಕವಿದ್ದದ್ದು ಪಶ್ಚಿಮ ಘಟ್ಟದ ಸೂಕ್ಷ್ಮತೆ, ಹುಲಿಗಳ ಓಡಾಟದ ದಾರಿ, ಜಲಾನಯನ ಇವುಗಳಿಗೆ. ಸಿಂಗಾರದಲ್ಲಿಯೂ ಬೋಡಿಯಲ್ಲಿಯೂ ಎದುರಾಳಿಯನ್ನು ನಿಲ್ಲಿಸಿದ್ದು ಬೆಟ್ಟದ ಪ್ರಶ್ನೆ. ಕಣದ ಭಯ ಮೆರವಣಿಗೆಗೆ ಜನ ಸೇರಿಸಿರಬಹುದು. ನ್ಯಾಯಾಲಯದ ಕಟಕಟೆಯಲ್ಲಿ ಅದು ಒಂದು ಹೆಜ್ಜೆಯನ್ನೂ ನಡೆಯಲಿಲ್ಲ.

ಬೆಟ್ಟದ ಪ್ರಶ್ನೆ ಕಲ್ಪನೆಯದಲ್ಲ ಎಂಬುದಕ್ಕೆ ಇಟಲಿಯ ಗ್ರಾನ್ ಸಾಸೊ ಸಾಕ್ಷಿ. ಅಲ್ಲಿ ಎರಡು ಪಟ್ಟಣಗಳ ನಡುವೆ ಹೆದ್ದಾರಿಗಾಗಿ ಬೆಟ್ಟದೊಳಗೆ ಸುಮಾರು ಹತ್ತು ಕಿಲೋಮೀಟರ್ ಸುರಂಗ ಕೊರೆದರು. ಅದಕ್ಕೆ ಹೊಂದಿಕೊಂಡಂತೆ ಜಗತ್ತಿನ ಅತಿ ದೊಡ್ಡ ನೆಲದಡಿಯ ಭೌತವಿಜ್ಞಾನ ಪ್ರಯೋಗಾಲಯಗಳಲ್ಲಿ ಒಂದನ್ನು ಕಟ್ಟಿದರು. ಕೊರೆಯುವಾಗ ಬೆಟ್ಟದೊಳಗಿನ ಜಲಭಂಡಾರ ಒಡೆದು ನೀರು ನುಗ್ಗಿತು. ಅಂತರ್ಜಲದ ಮಟ್ಟ ನೂರಾರು ಮೀಟರ್ ಕುಸಿಯಿತು, ಒರತೆಗಳ ಹರಿವು ಕುಂದಿತು. ಅದೇ ಜಲಭಂಡಾರ ಕೆಳಗಿನ ಲಕ್ಷಾಂತರ ಜನರಿಗೆ ಕುಡಿಯುವ ನೀರು. 2002ರ ಆಗಸ್ಟಿನಲ್ಲಿ ಅಲ್ಲಿನ ಬೊರೆಕ್ಸಿನೊ ಎಂಬ ನ್ಯೂಟ್ರಿನೋ ಪ್ರಯೋಗದಿಂದ ಸೂಡೊಕ್ಯುಮೀನ್ ಎಂಬ ವಿಷಕಾರಿ ದ್ರವ ಐವತ್ತು ಲೀಟರಿನಷ್ಟು ಚೆಲ್ಲಿ, ಚರಂಡಿ ಸೇರಿ, ಹೊರಗಿನ ಹಳ್ಳಕ್ಕೆ ಹೋಯಿತು. ಊರವರು ಪ್ರತಿಭಟಿಸಿದರು, ನ್ಯಾಯಾಲಯ ಪ್ರವೇಶಿಸಿತು, ಪ್ರಯೋಗ ವರ್ಷಗಳ ಕಾಲ ನಿಂತಿತು. ಸರ್ಕಾರ ಚರಂಡಿ ಮತ್ತು ಕುಡಿಯುವ ನೀರಿನ ದಾರಿಗಳನ್ನು ಬೇರ್ಪಡಿಸಲು ವಿಶೇಷ ಅಧಿಕಾರಿಯನ್ನು ನೇಮಿಸಬೇಕಾಯಿತು. ಬೊರೆಕ್ಸಿನೊ 2007ರಲ್ಲಿ ಕೆಲಸ ಆರಂಭಿಸಿ ಸೂರ್ಯನ ಒಡಲಿನ ಬಗ್ಗೆ ಅಮೂಲ್ಯ ಸಂಗತಿಗಳನ್ನು ತಿಳಿಸಿತು ಎಂಬುದನ್ನೂ ಹೇಳಬೇಕು. ಅಲ್ಲಿಯೂ ನ್ಯೂಟ್ರಿನೋ ಯಾರಿಗೂ ಕೆಡುಕು ಮಾಡಲಿಲ್ಲ. ಕೆಡುಕಾದದ್ದು ಬೆಟ್ಟದ ನೀರಿಗೆ.

ಬೋಡಿಯ ಯೋಜನೆಯಲ್ಲಿ ಅಂಥ ದ್ರವವಿರಲಿಲ್ಲ. ಗಾಜಿನ ತಟ್ಟೆಗಳ ನಡುವೆ ಅನಿಲ ತುಂಬಿದ ಸುಮಾರು 29,000 ಶೋಧಕಗಳಿದ್ದವು. ಆ ಅನಿಲದ ಬಹುಪಾಲು ಕಾರಿನ ಏಸಿಯಲ್ಲಿ ಬಳಸುವಂಥದೇ. ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿ ಮಾಡುವಂಥದು. ಅದನ್ನು ಮುಚ್ಚಿದ ಕೊಳವೆಯಲ್ಲಿ ಮರುಬಳಸುತ್ತೇವೆ ಎಂದಿದ್ದರು. ಎಷ್ಟು ಸೋರಬಹುದು, ಸೋರಿದರೆ ಯಾರು ಲೆಕ್ಕ ಇಡುತ್ತಾರೆ? ಜಿನೀವಾದ ಸರ್ನ್ ಸಂಸ್ಥೆ 2020ರಿಂದ ಪ್ರಕಟಿಸುತ್ತಿರುವ ತನ್ನ ಪರಿಸರ ವರದಿಗಳಲ್ಲಿ, ತಾನು ನೇರವಾಗಿ ಹೊರಬಿಡುವ ಹಸಿರುಮನೆ ಅನಿಲಗಳ ದೊಡ್ಡ ಪಾಲು ಶೋಧಕಗಳಲ್ಲಿ ಬಳಸುವ ಇಂಥ ಫ್ಲೋರಿನ್‌ಯುಕ್ತ ಅನಿಲಗಳಿಂದಲೇ ಎಂದು ತಾನೇ ಒಪ್ಪಿಕೊಂಡಿದೆ. ಪರಿಸರವಾದಿಗಳು ಕೇಳಬೇಕಾಗಿದ್ದ ಪ್ರಶ್ನೆ ಇದಲ್ಲವೇ? ಕಪ್ಪುಕುಳಿಯ ಬಗ್ಗೆ ಬಂದ ನೂರು ಸಂದೇಶಗಳಲ್ಲಿ ಈ ಅನಿಲದ ಹೆಸರು ನನಗೆ ಒಂದರಲ್ಲೂ ಕಂಡಿಲ್ಲ.

ನಷ್ಟ ಎರಡೂ ಕಡೆಗೆ ಆಗಿದೆಯೆಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಕೋಲಾರದಲ್ಲಿ ಮೊದಲಿಗರಾಗಿದ್ದ ನಾವು ಈ ಶಾಸ್ತ್ರದಲ್ಲಿ ಹಿಂದೆ ಬಿದ್ದಿದ್ದೇವೆ. ಮಧುರೈಯಲ್ಲಿ 85 ಟನ್ನಿನ ಮಾದರಿಯೊಂದನ್ನು ಕಟ್ಟಿದ್ದಷ್ಟೇ ಸಾಧ್ಯವಾಯಿತು. ಚೀನಾದ ಜೂನೊ ಪ್ರಯೋಗಾಲಯ 20,000 ಟನ್ ದ್ರವದೊಂದಿಗೆ 2025ರ ಆಗಸ್ಟಿನಲ್ಲಿ ಎಣಿಕೆ ಆರಂಭಿಸಿತು. ನಮ್ಮ ಹುಡುಗ ಹುಡುಗಿಯರಲ್ಲಿ ಭೌತವಿಜ್ಞಾನ ಓದುವ ಆಸೆಯುಳ್ಳವರಿದ್ದಾರೆ. ಅವರ ಪಾಲಿಗೆ ಇದು ಸಣ್ಣ ನಷ್ಟವಲ್ಲ. ಪಶ್ಚಿಮ ಘಟ್ಟದ ಹೊರಗೆ, ಈಗಾಗಲೇ ಕೊರೆದಿಟ್ಟ ಆಳವಾದ ಗಣಿಗಳಲ್ಲಿ ಇಂಥ ಪ್ರಯೋಗ ನಡೆಯಲಿ ಎಂಬುದು ನನ್ನ ವೈಯಕ್ತಿಕ ಅಭಿಪ್ರಾಯ. ಬಳಗದಲ್ಲಿ ಎಲ್ಲರೂ ಇದನ್ನು ಒಪ್ಪುವುದಿಲ್ಲವೆಂದು ಬಲ್ಲೆ. ಒಪ್ಪದವರು ಬರೆಯಲಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಶರಾವತಿ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯ ಪ್ರಸ್ತಾಪವಾಗಿದೆ. ಸಿಂಗಳೀಕಗಳ ಅಭಯಾರಣ್ಯದ ಅಡಿಯಲ್ಲಿ ಕೊರೆಯಬೇಕೆಂದಿರುವ ಸುರಂಗಗಳವು. ಅಲ್ಲಿ ಯಾವ ಕಣವೂ ಇಲ್ಲ, ಕಪ್ಪುಕುಳಿಯೂ ಇಲ್ಲ. ಸಿಡಿಮದ್ದು, ಕಲ್ಲು, ಒರತೆ, ಲಾರಿ, ಕಾಡು ಮಾತ್ರ ಇವೆ. ನಮ್ಮವರು ಅಧಿಕಾರಿಗಳ ಮುಂದೆ, ನ್ಯಾಯಾಲಯಗಳ ಮುಂದೆ ನಿಂತು ಈ ಪ್ರಶ್ನೆಗಳನ್ನು ಕೇಳುವಾಗ, "ನೀವು ತಾನೇ ನ್ಯೂಟ್ರಿನೋದಿಂದ ಅಡಿಕೆಗೆ ರೋಗ ಬಂತೆಂದವರು?" ಎಂದು ಎದುರಿನವರು ಒಂದು ಮಾತು ತೆಗೆದರೆ ಸಾಕು. ಕಷ್ಟಪಟ್ಟು ಕಲೆಹಾಕಿದ ನೂರು ಪುಟದ ಕಡತ ಆ ಒಂದು ನಗುವಿನಲ್ಲಿ ಕೊಚ್ಚಿಹೋಗುತ್ತದೆ. ಆದ್ದರಿಂದ ಬಳಗದ ಹೆಸರಿನಲ್ಲಿ ಇನ್ನು ಮುಂದೆ ಅಂಥ ಸಂದೇಶಗಳನ್ನು ಹಂಚಬಾರದೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ಯಾವುದೇ ಸಂಗತಿ ಬಂದರೂ ಮೊದಲು ಪತ್ರಿಕೆಗೆ ಕಳಿಸಿ. ಬಲ್ಲವರನ್ನು ಕೇಳಿ, ಪರಿಶೀಲಿಸಿ, ಉತ್ತರ ಬರೆಯುತ್ತೇವೆ.

ಇನ್ನೊಂದು ಕೆಲಸ ವಿದ್ಯಾರ್ಥಿಗಳಿಗಾಗಿ. ನಮ್ಮ ಕಣಿವೆಯ ಒರತೆ, ಅಬ್ಬಿಗಳ ಹರಿವು ಎಷ್ಟೆಂಬ ಲೆಕ್ಕ ಯಾವ ಕಚೇರಿಯಲ್ಲೂ ನನಗೆ ಸಿಕ್ಕಿಲ್ಲ. ನಾಳೆ ಸುರಂಗದಿಂದ ನೀರು ಬತ್ತಿತೆಂದು ನಾವು ಹೇಳಿದರೆ "ಮೊದಲು ಎಷ್ಟಿತ್ತು?" ಎಂದು ಕೇಳುತ್ತಾರೆ. ಜನವರಿಯಿಂದ ಮೇ ಕೊನೆಯವರೆಗೆ, ಪ್ರತಿ ಭಾನುವಾರ ಬೆಳಿಗ್ಗೆ, ನಿಮ್ಮ ಮನೆಯ ಅಬ್ಬಿಯ ದಂಬೆಯ ಕೆಳಗೆ ಹತ್ತು ಲೀಟರಿನ ಬಕೆಟ್ ಇಟ್ಟು ಅದು ತುಂಬಲು ಎಷ್ಟು ಸೆಕೆಂಡು ಹಿಡಿಯಿತೆಂದು ದಿನಾಂಕದೊಂದಿಗೆ ಬರೆದಿಡಿ. ಮೊಬೈಲು ಅದಕ್ಕೂ ಉಪಯೋಗಕ್ಕೆ ಬರುತ್ತದೆ. ಅಂದು ನನ್ನ ಬಳಿ ದನಿ ತಗ್ಗಿಸಿ ಕೇಳಿದ ಇಬ್ಬರೂ ಕಳೆದ ವಾರವೇ ಶುರು ಮಾಡಿದ್ದಾರೆ. ಒಬ್ಬನ ಮನೆಯ ಅಬ್ಬಿಯಲ್ಲಿ ಬಕೆಟ್ ತುಂಬಲು ಈಗ 34 ಸೆಕೆಂಡು, ಇನ್ನೊಬ್ಬನದರಲ್ಲಿ 51.